ಭೂಮಿತಾಯಿಗಿಂತ ಮೊದಲಿನ ತುತ್ತು

ಅತ್ತೆಯ ಅಂಗಾಲಿಗೆ ಹತ್ತಿಕಟ್ಟಿಗೆಯ ಮೊನೆ ಚುಚ್ಚಿದ್ದು ಬೇಸಿಗೆಯಲ್ಲಿ. ಮಳೆಗಾಲ ಹತ್ತಿದರೂ ಗಾಯ ಮಾಯಲಿಲ್ಲ.

ಅರಿಷಿಣ ಹಚ್ಚಿದೆವು. ಬೇವಿನೆಲೆ ಅರೆದು ಕಟ್ಟಿದೆವು. ಊರಿನ ಕಂಪೌಂಡರ್ ಪುಡಿ ಉದುರಿಸಿ ಪಟ್ಟಿ ಸುತ್ತಿದ. ಏನೂ ನಾಟಲಿಲ್ಲ. ಅತ್ತೆ ಮಾತ್ರ, "ಎರಿ ಮಣ್ಣಾಗ ಹುಟ್ಟಿದ ಕಾಲು, ತಾನ ಮಾಯತೈತಿ ತಗೋ" ಎಂದು ಕುಂಟುತ್ತಲೇ ಕಳೆ ತೆಗೆಯಲು ಹೋಗುತ್ತಿದ್ದರು. ಆದರೆ ಅಷ್ಟರಲ್ಲಿ ಬೇರೆ ಸಂಗತಿಗಳೂ ನನ್ನ ಕಣ್ಣಿಗೆ ಬಿದ್ದಿದ್ದವು. ಮುಂಜಾನೆ ತುಂಬಿಟ್ಟ ಕೊಡ ಮಧ್ಯಾಹ್ನಕ್ಕೆ ಖಾಲಿ. ಮುಂಗೈಯಲ್ಲಿ ಬಿಗಿಯಾಗಿ ಕೂತಿದ್ದ ಹಸಿರು ಬಳೆಗಳು ಮೊಣಕೈತನಕ ಜಾರುತ್ತಿದ್ದವು. ಎರಡು ರೊಟ್ಟಿ ಉಣ್ಣುವವರು ನಾಲ್ಕು ಉಂಡರೂ ಮೈ ಇಳಿಯುತ್ತಲೇ ಇತ್ತು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ನವಲಗುಂದದ ಬಾಜು ನಮ್ಮೂರು. ನಾನು ಮಾತ್ರ ಅಳ್ನಾವರದವಳು, ರೈಲಿನ ಸಿಳ್ಳು ಕೇಳುತ್ತ ಬೆಳೆದವಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಇಲ್ಲಿನ ಪ್ರಾಥಮಿಕ ಶಾಲೆಯ ಮಾಸ್ತರರನ್ನು ಲಗ್ನವಾಗಿ ಈ ಬಟಾಬಯಲಿಗೆ ಬಂದೆ. ನನಗೆ ಬಾಯಿ ಜಾಸ್ತಿ ಎಂದು ಬಂದ ವಾರದಲ್ಲೇ ಊರಿಗೆ ಗೊತ್ತಾಯಿತು. ಅತ್ತೆ ನೀಲವ್ವನಿಗೆ ನನ್ನ ಅರ್ಧದಷ್ಟೂ ಮಾತಿರಲಿಲ್ಲ. ಅದಕ್ಕೇ ಇಬ್ಬರಿಗೂ ಹೊಂದಿತು ಅಂತ ಕಾಣುತ್ತದೆ.

ಕೊನೆಗೆ ನಾನೇ ಹಟ ಹಿಡಿದು ಅವರನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಗಾಯ ನೋಡಿದರು, ನಾಲಗೆ ನೋಡಿದರು, ಒಂದು ಸಣ್ಣ ಬಾಟಲಿ ಕೊಟ್ಟು ಮೂತ್ರ ತರಲು ಹೇಳಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಕ್ಕರಿ ಬ್ಯಾನಿ ಐತವ್ವಾ. ಅಗದಿ ಜೋರೈತಿ."

ಅತ್ತೆ ನನ್ನ ಮುಖ ನೋಡಿದರು. ಊರಲ್ಲಿ ಯಾರ ಮನೆಯಲ್ಲಿ ಲಗ್ನವಾದರೂ ಹೋಳಿಗೆಯ ಹೂರಣಕ್ಕೆ ಬೆಲ್ಲ ಎಷ್ಟು ಎಂದು ಕೇಳಲು ಬರುತ್ತಿದ್ದದ್ದು ಇವರ ಹತ್ತಿರ. ಶೇಂಗಾ ಹೋಳಿಗೆ ಇವರು ತಟ್ಟಿದರೆ ಎಂಟು ದಿನ ಇಟ್ಟರೂ ಮೆತ್ತಗೆ ಇರುತ್ತಿತ್ತು. ದವಾಖಾನೆಯಿಂದ ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತು ಅವರು ಕೇಳಿದ್ದು ಒಂದೇ ಮಾತು. "ಶಾಂತವ್ವಾ, ಬೆಲ್ಲ ತಿನ್ನೂದು ಬ್ಯಾಡಂದ್ರ ಬಿಡತೇನಿ. ಮಾಡೂದೂ ಬ್ಯಾಡಂದ್ರೇನು?" ಇಲ್ಲ ಅತ್ತಿ, ಮಾಡೂದು ಬ್ಯಾಡಂದಿಲ್ಲ ಎಂದೆ. ಅಷ್ಟಕ್ಕೆ ಅವರು ಕಣ್ಣೊರೆಸಿಕೊಂಡರು.

ಗುಳಿಗೆಗೆ ಸಕ್ಕರೆ ಇಳಿಯಲಿಲ್ಲ. ಇನ್ಸುಲಿನ್ ಚುಚ್ಚಬೇಕೆಂದಾಯಿತು. ದಿನಾಲೂ, ಮನೆಯಲ್ಲೇ. ಯಾರು ಚುಚ್ಚುವವರು? ನಮ್ಮನೆಯವರಿಗೆ ರಕ್ತ ಕಂಡರೆ ತಲೆ ತಿರುಗುತ್ತದೆ. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು. ಡಾಕ್ಟರು ಮೋಸಂಬಿ ಹಣ್ಣೊಂದನ್ನು ಕೈಗೆ ಕೊಟ್ಟು, "ಇದನ್ನ ನಿಮ್ಮತ್ತಿ ತೋಳು ಅನ್ಕೋ ತಂಗಿ" ಎಂದು ಕಲಿಸಿದರು. ಊರಲ್ಲಿ ಮೋಸಂಬಿ ಎಲ್ಲಿಂದ ತರಲಿ? ಮನೆಗೆ ಬಂದು ಬದನೆಕಾಯಿಗೆ ಚುಚ್ಚುತ್ತ ಕೈ ಪಳಗಿಸಿಕೊಂಡೆ. ಆ ವಾರ ನಮ್ಮ ಮನೆಯಲ್ಲಿ ಬರೇ ಬದನೆಕಾಯಿ ಪಲ್ಯ.

ಈಗಿನವರಿಗೆ ಹೇಳಿದರೆ ನಗುತ್ತಾರೆ. ಗಾಜಿನ ಸಿರಿಂಜು, ಉದ್ದನೆಯ ಸೂಜಿ, ಎರಡನ್ನೂ ದಿನಾ ನೀರಲ್ಲಿ ಕುದಿಸಬೇಕು. ಫ್ರಿಜ್ಜು ಯಾರು ಕಂಡಿದ್ದರು? ಔಷಧದ ಬಾಟಲಿಯನ್ನು ಮಣ್ಣಿನ ಮಗೆಯಲ್ಲಿ ಹಸಿ ಉಸುಕು ತುಂಬಿ, ಅದರೊಳಗೆ ಹೂತು, ನೀರಿನ ಹರವಿಯ ಮಗ್ಗುಲಿಗೆ ಇಡುತ್ತಿದ್ದೆ. ಮೂತ್ರ ಪರೀಕ್ಷೆಗೆ ನೀಲಿ ಬಣ್ಣದ ದ್ರಾವಣ ಕೊಟ್ಟಿದ್ದರು. ನಾಲ್ಕು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ನೀಲಿಯೇ ಉಳಿದರೆ ಸುಖ, ಹಸಿರಾದರೆ ಚೂರು ಹೆಚ್ಚು, ಇಟ್ಟಂಗಿ ಬಣ್ಣಕ್ಕೆ ತಿರುಗಿದರೆ ಕೆಟ್ಟಿತು ಅಂತ ಅರ್ಥ. ಇದನ್ನು ಅಡಿಗೆಮನೆಯಲ್ಲಿ ಮಾಡಲು ದೊಡ್ಡಕ್ಕ ಬಿಡಲಿಲ್ಲ. ಮಾವನ ಅಕ್ಕ ಅವರು, ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲೇ ಇದ್ದರು, ಎಲ್ಲರಿಗೂ ದೊಡ್ಡಕ್ಕ. ಮಡಿ, ಪೂಜೆ, ಪದ್ಧತಿ ಎಲ್ಲ ಅವರ ಕೈಯಲ್ಲಿ. "ಉಚ್ಚಿ ಕುದಸೂದ ಒಂದು ಬಾಕಿ ಇತ್ತು ಈ ಮನ್ಯಾಗ" ಎಂದು ಅವರು ಹಣೆ ಬಡಿದುಕೊಂಡ ಮೇಲೆ ನನ್ನ ಪ್ರಯೋಗಶಾಲೆ ದನದ ಕೊಟ್ಟಿಗೆಗೆ ಹೋಯಿತು. ಎತ್ತುಗಳು ಮೇವು ಮೆಲ್ಲುತ್ತ ನೋಡುತ್ತಿದ್ದವು. ಅತ್ತೆ ಬಾಗಿಲ ಹಿಂದೆ ನಿಂತು, "ಯಾವ ಬಣ್ಣ ಬಂತಬೇ?" ಎಂದು ಪಿಸುಗುಡುತ್ತಿದ್ದರು. ನೀಲಿ ಬಂದ ದಿನ ಅವರ ಮುಖ ನೋಡಬೇಕಿತ್ತು.

ಗಾಯ ಮಾಯಿತು. ಮೈ ತುಂಬಿತು. ಬಳೆ ಮತ್ತೆ ಮುಂಗೈಗೆ ಇಳಿದವು.

ಆದರೆ ಡಾಕ್ಟರು ನನ್ನೊಬ್ಬಳನ್ನೇ ಕೂರಿಸಿ ಒಂದು ಮಾತು ಹೇಳಿದ್ದರು. "ಸಕ್ಕರಿ ಹೆಚ್ಚಾದ್ರ ಮಂದಿ ಸಾವಕಾಶ ಕೆಡತಾರ. ಕಡಿಮಿ ಆದ್ರ ಕೂತಲ್ಲೇ ಹೋಗತಾರ. ಸೂಜಿ ಹಾಕಿದ ಅರ್ಧ ತಾಸಿನಾಗ ಹೊಟ್ಟಿಗೆ ಬೀಳಬೇಕು. ಮೈ ತಣ್ಣಗಾಗಿ ಬೆವತ್ರ, ಕೈ ನಡುಗಿದ್ರ, ಕುಡದವರಂಗ ಮಾತಾಡಿದ್ರ, ಬ್ಯಾರೆ ಏನೂ ವಿಚಾರ ಮಾಡಬ್ಯಾಡ. ಸಿಹಿ ತಿನಿಸು. ಎಚ್ಚರ ತಪ್ಪಿದ್ರ ಬಾಯಾಗ ನೀರ ಹಾಕಬ್ಯಾಡ, ಶ್ವಾಸಕ್ಕ ಹೋಗತೈತಿ. ಮಗ್ಗಲಾಗಿ ಮಲಗಿಸಿ ಒಸಡಿಗೆ ಬೆಲ್ಲ ತಿಕ್ಕು, ದವಾಖಾನಿಗೆ ತಾ. ಸಕ್ಕರಿ ಹೆಚ್ಚೈತೋ ಕಡಿಮಿ ಐತೋ ಗೊತ್ತಾಗಲಿಲ್ಲಂದ್ರೂ ಸಿಹಿನ ಕೊಡು." ಅತ್ತೆಯ ಎಲೆ ಅಡಿಕೆಯ ಚಂಚಿಯಲ್ಲಿ ಸದಾ ಕಲ್ಲುಸಕ್ಕರೆ ಇರಬೇಕು ಎಂದೂ ಹೇಳಿದ್ದರು. ಇಟ್ಟಿದ್ದೆ. ಅದನ್ನು ಅವರು ಗುಟ್ಟಾಗಿ ಮೊಮ್ಮಕ್ಕಳಿಗೆ, ಅಂದರೆ ನನ್ನ ಮಕ್ಕಳಿಗೆ, ಹಂಚುತ್ತಿದ್ದರು. ನಾನು ತುಂಬುವುದು, ಅವರು ಹಂಚುವುದು. ಇದೇ ನಡೆದಿತ್ತು.

ಎಳ್ಳಮಾಸಿ ಬಂತು, ಎಳ್ಳು ಅಮಾವಾಸ್ಯೆ.

ನಮ್ಮ ಕಡೆ ಎಳ್ಳಮಾಸಿಯ ದಿನ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಮಾಡಿದ ಅಡಿಗೆಯನ್ನೆಲ್ಲ ಬುಟ್ಟಿಯಲ್ಲಿ ತುಂಬಿ, ಬಿಳಿ ಅರಿವೆ ಮುಚ್ಚಿ, ಚಕ್ಕಡಿ ಹೂಡಿಕೊಂಡು ಹೋಗುವುದು. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲು ಇಟ್ಟು ಪೂಜೆ. ಮೊದಲ ತುತ್ತು ಭೂಮಿತಾಯಿಗೆ. ಹೊಲದ ನಾಲ್ಕೂ ಮೂಲೆಗೆ ಅನ್ನ, ಕಡಬು, ರೊಟ್ಟಿಯ ಚೂರು ಚೆಲ್ಲಿ ಬಂದ ಮೇಲೆಯೇ ಮನೆಯವರ ಊಟ. ಹೊಟ್ಟೆಯಲ್ಲಿ ಪೈರು ಹೊತ್ತು ನಿಂತವಳಿಗೆ ಬಯಕೆ ತೀರಿಸುವುದು ಅದು. ಆ ದಿನಗಳ ವಾಸನೆ ಈಗಲೂ ಮೂಗಿನಲ್ಲಿದೆ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಬೆಳ್ಳುಳ್ಳಿ ಒಗ್ಗರಣೆಯ ಮೊಸರನ್ನ. ದಾರಿಯ ಎರಡೂ ಕಡೆ ತೆನೆ ಹಿರಿದ ಬಿಳಿಜೋಳ, ಕುಸುಬಿಯ ಹಳದಿ ಹೂವು. ಎತ್ತಿನ ಕೊರಳ ಗಂಟೆ, ಮುಂದಿನ ಚಕ್ಕಡಿಯವರ ಜೊತೆ ಚೇಷ್ಟೆ. ಅಂಥ ಹಬ್ಬ ಮತ್ತೆ ಬರುವುದಿಲ್ಲ ಅನ್ನಿಸುತ್ತದೆ. ಬರುತ್ತದೆ, ಆದರೆ ಟ್ರ್ಯಾಕ್ಟರಿನಲ್ಲಿ ಬರುತ್ತದೆ.

ಆ ಮುಂಜಾನೆ ಅತ್ತೆಗೆ ಸೂಜಿ ಹಾಕಿದೆ. ಒಂದು ರೊಟ್ಟಿ, ಪಲ್ಯ ತಾಟಿನಲ್ಲಿಟ್ಟು ಮುಂದೆ ಕೂತೆ.

"ತಿನ್ರಿ ಅತ್ತಿ."

"ತಿಂತೇನಿ ಹೋಗಬೇ, ನೀ ಬುತ್ತಿ ಕಟ್ಟ ಹೋಗು. ಎತ್ತ ಹೂಡಾಕತ್ತಾರ ಆಗಳೆ."

ನಾನು ಬುತ್ತಿ ಕಟ್ಟಿ ಬರುವಷ್ಟರಲ್ಲಿ ತಾಟು ತೊಳೆದಿಟ್ಟಂತೆ ಖಾಲಿ. ಸಮಾಧಾನವಾಯಿತು. ರೊಟ್ಟಿ ಅವರ ಉಡಿಯಲ್ಲಿ ಸೇರಿ, ಅಲ್ಲಿಂದ ಕೊಟ್ಟಿಗೆಯ ಬಿಳಿ ಎತ್ತಿನ ಬಾಯಿಗೆ ಹೋಗಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ. ಹೊಲಕ್ಕೆ ಉಣಿಸದೆ ಅವರು ಆ ದಿನ ಎಂದೂ ಬಾಯಿಗೆ ನೀರೂ ಹಾಕಿದವರಲ್ಲ. ಸೂಜಿ ಬಂತೆಂದು ಪದ್ಧತಿ ಬಿಡುವುದೇ? "ಸುಳ್ಳ ಎಲ್ಲಿ ಹೇಳೇನಿ? ತಿಂತೇನಿ ಅಂದಿದ್ದೆ, ತಿಂದೆ ಅಂದಿಲ್ಲ" ಎಂದು ಮುಂದೆ ನನಗೇ ತಿರುಗಿ ಹೇಳಿದರು.

ನಾವು ಹೊರಟದ್ದೇ ತಡವಾಗಿ. ಹಳ್ಳದ ದಂಡೆಯ ಜೌಗಿನಲ್ಲಿ ಚಕ್ಕಡಿಯ ಗಾಲಿ ಹೂತುಕೊಂಡಿತು. ಎಲ್ಲರೂ ಇಳಿದು ನೂಕಿ ಮೇಲೆತ್ತಿ ಹೊಲ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲಿಗೂ ಮುಗಿಯಲಿಲ್ಲ. ಹಬ್ಬಕ್ಕೆ ತವರಿಗೆ ಬಂದಿದ್ದ ನಾದಿನಿಯ ಅತ್ತೆಮನೆಯವರು ಅಣ್ಣಿಗೇರಿಯಿಂದ ಬರಬೇಕಿತ್ತು. ಹೊಸ ಬೀಗರು. ಅವರನ್ನು ಬಿಟ್ಟು ಪೂಜೆ ಶುರು ಮಾಡುವುದು ಹೇಗೆ? "ಬರಲಿ ತಡೀರಿ, ಬೀಗರು ಮುನಿಸ್ಕೋತಾರ" ಎಂದರು ದೊಡ್ಡಕ್ಕ. ಎಲ್ಲರೂ ಕಾದೆವು.

ಅತ್ತೆ ಬನ್ನಿ ಗಿಡದ ನೆರಳಿಗೆ ಕೂತಿದ್ದರು. ಮೊದಲು ಆಕಳಿಸಿದರು. ಆಮೇಲೆ ಸುಮ್ಮಸುಮ್ಮನೆ ನಾದಿನಿಗೆ ಬೈದರು. ಅವರು ಯಾರಿಗೂ ಬೈದವರಲ್ಲ. ದಣಿದಿರಬೇಕು ಅಂದುಕೊಂಡು ನಾನು ಮಕ್ಕಳನ್ನು ಕಡಲೆಗಿಡ ಕೀಳದಂತೆ ಓಡಿಸುತ್ತಿದ್ದೆ. ತಿರುಗಿ ನೋಡಿದರೆ ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿದ್ದಿದೆ, ಅದರ ಕಡೆ ಅವರಿಗೆ ಲಕ್ಷ್ಯವೇ ಇಲ್ಲ. ಗಂಡಸರ ಮುಂದೆ ತಲೆ ಮೇಲಿನ ಸೆರಗು ಸರಿಯಗೊಡದ ಹೆಂಗಸು ಅವರು. ಕೂತಲ್ಲೇ ತೂಗಾಡುತ್ತ ನಗುತ್ತಿದ್ದರು. ಆಮೇಲೆ ದೊಡ್ಡ ದನಿ ತೆಗೆದು ಕೂಗಿದರು.

"ಏ ಬಸಲಿಂಗಾ! ಎಲ್ಲಿ ಸತ್ತೀಲೇ? ಬಾ ಇಲ್ಲೆ!"

ಬಸಲಿಂಗಪ್ಪ ನನ್ನ ಮಾವನವರ ಹೆಸರು.

ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿಯುವ ಕಾಲವಲ್ಲ ಅದು. ನಾನೂ ಇಲ್ಲಿತನಕ ನಮ್ಮನೆಯವರು, ಮಾಸ್ತರರು ಅಂತ ಬರೆಯುತ್ತ ಬಂದಿದ್ದೇನಲ್ಲ, ಹಾಗೆ. ಅತ್ತೆಯಂತೂ ಆ ಹೆಸರಿನ ಬೇರೆಯವರನ್ನೂ ಕರೆಯುತ್ತಿರಲಿಲ್ಲ. ಮಾವ ಚರಗದ ಗಡಿಗೆ ಹಿಡಿದುಕೊಂಡು ನಿಂತಲ್ಲೇ ನಿಂತರು.

ಮೊದಲು ಚೇತರಿಸಿಕೊಂಡವರು ದೊಡ್ಡಕ್ಕ. ಎರಡೂ ಕೈ ಜೋಡಿಸಿದರು. "ಗಂಡನ ಹೆಸರು ನೀಲಾನ ಬಾಯಾಗ ಯಾವತ್ತರೆ ಬಂದೈತೇನು? ಇದು ನೀಲಾ ಅಲ್ಲ. ತಾಯಿ ಬಂದಾಳ, ಮೈಮ್ಯಾಲೆ ತಾಯಿ ಬಂದಾಳ!"

ಮುಗಿಯಿತು. ಬಾಜು ಹೊಲದ ಹೆಂಗಸರೂ ಓಡಿ ಬಂದರು. ಹಣೆಗೆ ಕುಂಕುಮ ಬಳಿದರು, ಭಂಡಾರ ಎರಚಿದರು, ಕೂದಲು ಬಿಚ್ಚಿದರು. ಇಬ್ಬರು ತೋಳು ಹಿಡಿದು ನಿಂತರು. ಅತ್ತೆ ನಡುಗಿದಷ್ಟೂ ಇವರ ಭಕ್ತಿ ಏರಿತು. ಅದೇ ಹೊತ್ತಿಗೆ ಬೀಗರ ಚಕ್ಕಡಿಯೂ ಬಂತು. ಬೀಗತಿ ಇಳಿದವಳೇ ಮುಂದೆ ಬಂದು, "ತಾಯಿ, ನಮ್ಮ ಮನ್ಯಾಗ ತೊಟ್ಟಿಲ ಯಾವಾಗ ಕಟ್ಟೂಣು?" ಎಂದು ಕೇಳಿದಳು. ಅತ್ತೆ ಏನೋ ತೊದಲಿದರು. ಕಡಲೆ ಸುಗ್ಗಿಗೆ ಅಂದಳು ತಾಯಿ ಎಂದು ಯಾರೋ ಅರ್ಥ ಹೇಳಿದರು.

ನಾನೇನು ಮಾಡುತ್ತಿದ್ದೆ? ನಿಂತು ನೋಡುತ್ತಿದ್ದೆ. ಖರೇ ಹೇಳುತ್ತೇನೆ, ನನ್ನ ಮೈಯೂ ಜುಮ್ಮೆಂದಿತ್ತು. ಆ ಹೆಸರು ಆ ಬಾಯಿಂದ ಬಂದದ್ದು ನಾನೂ ಕೇಳಿದ್ದೆನಲ್ಲ! ಅವರು ರೊಟ್ಟಿ ತಿಂದಿದ್ದಾರೆ ಅಂತಲೇ ನನ್ನ ಲೆಕ್ಕ.

"ನೋಡಾಕತ್ತೀಯೇನು, ಕಾಲ ಬೀಳಬೇ" ಎಂದು ದೊಡ್ಡಕ್ಕ ನನ್ನ ಬೆನ್ನು ನೂಕಿದರು.

ಬಗ್ಗಿ ಅತ್ತೆಯ ಕಾಲಿಗೆ ಹಣೆ ಹಚ್ಚಿದೆ. ಪಾದ ತಣ್ಣಗಿತ್ತು. ತಣ್ಣಗಷ್ಟೇ ಅಲ್ಲ, ಒದ್ದೆ. ಚಳಿಗಾಲದ ಗಾಳಿ ಬೀಸುತ್ತಿದೆ, ಎಲ್ಲರೂ ಸೆರಗು ಹೊದ್ದಿದ್ದಾರೆ. ಇವರ ಪಾದದಿಂದ ಬೆವರು ಇಳಿಯುತ್ತಿದೆ. ನಾನೇ ದಿನಾ ಪಟ್ಟಿ ಬಿಚ್ಚಿ ಕಟ್ಟಿದ ಪಾದ ಅದು, ಅದರ ಬಿಸಿ ನನಗೆ ಗೊತ್ತು. ಮೇಲೆ ಮುಟ್ಟಿದೆ. ಮೀನಖಂಡ, ಮುಂಗೈ, ಕೊರಳು, ಎಲ್ಲ ಒದ್ದೆ. ಕುಪ್ಪಸ ಬೆನ್ನಿಗೆ ಅಂಟಿತ್ತು.

ದೇವಿಯಲ್ಲ.

"ಸಕ್ಕರಿ ಇಳದೈತಿ! ಬಿಡ್ರಿ ಕೈ, ಕೂಡಸ್ರಿ ಕೆಳಗ! ಬೆಲ್ಲ ಕೊಡ್ರಿ ಯಾರರೆ!"

ಯಾರೂ ಕೈ ಬಿಡಲಿಲ್ಲ. ಚಂಚಿ ಕಿತ್ತು ನೋಡಿದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ. ಕಲ್ಲುಸಕ್ಕರೆ ಮೊಮ್ಮಕ್ಕಳ ಹೊಟ್ಟೆಯಲ್ಲಿ. ಇನ್ನು ಇಡೀ ಹೊಲದಲ್ಲಿ ಸಿಹಿ ಇದ್ದದ್ದು ಒಂದೇ ಕಡೆ, ಬಿಳಿ ಅರಿವೆಯ ಕೆಳಗೆ, ಭೂಮಿತಾಯಿಯ ಬುಟ್ಟಿಯಲ್ಲಿ. ನಾನು ಅತ್ತ ಓಡಿದೆ. ದೊಡ್ಡಕ್ಕ ಬುಟ್ಟಿಗೆ ಅಡ್ಡ ನಿಂತರು.

"ಹುಚ್ಚು ಹಿಡದೈತೇನು ನಿನಗ? ಇನ್ನ ಎಡಿ ತೋರಿಸಿಲ್ಲ. ಎಂಜಲ ಮಾಡತಿಯೇನು? ಭೂಮಿತಾಯಿ ಬಾಯಾನ ತುತ್ತು ಕಸೀತಿಯೇನು?"

"ದೊಡ್ಡಕ್ಕಾ, ಕೈ ಮುಗಿತೇನಿ, ಜೀವ ಹೋಗತೈತಿ!"

"ತಾಯಿ ಇರೂಮುಂದ ಜೀವ ಎಲ್ಲಿಗೆ ಹೋಗತೈತಿ?"

ಬೆನ್ನ ಹಿಂದೆ ಧಪ್ಪೆಂದು ಸದ್ದಾಯಿತು. ಅತ್ತೆ ಹಿಡಿದವರ ಕೈಯಿಂದ ಜಾರಿ ನೆಲಕ್ಕೆ ಬಿದ್ದಿದ್ದರು. ಕಣ್ಣು ಮೇಲೆ ಸಿಕ್ಕಿತ್ತು. ಹಲ್ಲು ಕಚ್ಚಿದ್ದವು.

ಹೊಲದ ಆಚೆ ತುದಿಯಲ್ಲಿದ್ದ ನಮ್ಮನೆಯವರು ಗದ್ದಲ ಕೇಳಿ ಓಡಿ ಬಂದರು. ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಕೇಳಿದ್ದು ಒಂದೇ. "ಡಾಕ್ಟರ್ ಹೇಳಿದ್ದು ಇದನ ಏನು?" ಹೌದು ಅಂದೆ. "ಹಂಗಾರ ತಗಿ ಬುಟ್ಟಿ" ಎಂದು ತಾವೇ ದೊಡ್ಡಕ್ಕನ ಎರಡೂ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ರಕ್ತ ಕಂಡರೆ ತಲೆ ತಿರುಗುವ ಮನುಷ್ಯ. ಆ ಗಳಿಗೆಗೆ ನಾನು ಅವರಿಗೆ ಬಾಳಿನುದ್ದಕ್ಕೂ ಏನು ಬೇಕಾದರೂ ಕ್ಷಮಿಸಿದ್ದೇನೆ.

ಅರಿವೆ ಎಳೆದು ಒಗೆದೆ. ನೈವೇದ್ಯದ ಬೆಲ್ಲದ ಹೆಂಟೆ ಮೇಲೆಯೇ ಇತ್ತು. ಕಲ್ಲಿಗೆ ಕುಟ್ಟಿ ಪುಡಿ ಮಾಡಿ, ಅತ್ತೆಯನ್ನು ಮಗ್ಗುಲಾಗಿ ಮಲಗಿಸಿ, ತುಟಿ ಸರಿಸಿ ಒಸಡಿಗೆ ತಿಕ್ಕಿದೆ. ಯಾರೋ ತಂಬಿಗೆಯಿಂದ ನೀರು ಸುರಿಯಲು ಬಂದರು. "ನೀರ ಬ್ಯಾಡ!" ಎಂದು ಒದರಿದೆ. ನಮ್ಮನೆಯವರು ಅವರ ಕೈ ಹಿಡಿದರು. ಮತ್ತೆ ತಿಕ್ಕಿದೆ. ಬೆಲ್ಲ ಕರಗಿ ನನ್ನ ಬೆರಳಗುಂಟ ಇಳಿಯುತ್ತಿತ್ತು. ಅತ್ತೆಯ ಮೈ ಮಾತ್ರ ಕೊರಡು. ಮಾವ ಗಡಿಗೆ ಕೆಳಗಿಟ್ಟು ಹೆಂಡತಿಯ ಪಾದ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಅಂಗೈಯಿಂದ ಉಜ್ಜುತ್ತಿದ್ದರು. ಅಷ್ಟು ಜನರ ಮುಂದೆ.

ಎಷ್ಟು ಹೊತ್ತು ಹಾಗೆ ಇದ್ದೆವೋ, ನನಗೆ ನೆನಪಿಲ್ಲ. ನನಗೆ ನೆನಪಿರುವುದು ನನ್ನ ಭಯ. ನಾನು ತಪ್ಪಾಗಿದ್ದರೆ? ಇದು ಸಕ್ಕರೆ ಅಲ್ಲದೆ ಬೇರೇನೋ ಆಗಿದ್ದರೆ? ಹಬ್ಬದ ದಿನ ಭೂಮಿತಾಯಿಯ ಬುಟ್ಟಿ ಎಂಜಲು ಮಾಡಿ ಅತ್ತೆಯನ್ನು ಕೊಂದವಳು ಎಂದು ಈ ಊರು ನನ್ನನ್ನು ಸಾಯುವತನಕ ಅಂದೀತು. ಅದಕ್ಕಿಂತ ಹೆಚ್ಚಾಗಿ, ಈ ಹೆಂಗಸು ಹೋದರೆ ಈ ಬಯಲಿನಲ್ಲಿ ನನಗೆ ಯಾರಿದ್ದಾರೆ? ತವರಿನ ರೈಲು ನೆನಪಾಗಿ ನಾನು ಅತ್ತ ರಾತ್ರಿಗಳಲ್ಲಿ ಏನೂ ಕೇಳದೆ ತಲೆಗೆ ಎಣ್ಣೆ ಹಚ್ಚಿದವರು ಅವರು.

ಆಮೇಲೆ ನನ್ನ ಬೆರಳಿಗೆ ಅವರ ನಾಲಗೆ ತಗುಲಿತು.

ಚೂರು. ಮತ್ತೆ ಚೂರು. ಗಂಟಲು ಅಲುಗಿತು. ದವಡೆ ಸಡಿಲವಾಯಿತು. ಇನ್ನಷ್ಟು ಬೆಲ್ಲ ಇಟ್ಟೆ. ಚಪ್ಪರಿಸಿದರು. ಕಣ್ಣು ಇಳಿದು ನನ್ನ ಮೇಲೆ ನಿಂತವು. ನುಂಗುವುದು ಖಾತ್ರಿಯಾದ ಮೇಲೆ ಎತ್ತಿ ಕೂರಿಸಿ ಬೆಲ್ಲದ ನೀರು ಗುಟುಕು ಗುಟುಕಾಗಿ ಕುಡಿಸಿದೆ. ಅತ್ತೆ ಸುತ್ತ ನೋಡಿದರು. ಬಿಚ್ಚಿದ ಕೂದಲು ಮುಟ್ಟಿಕೊಂಡರು, ಹಣೆ ಮುಟ್ಟಿಕೊಂಡರು, ಕೆಂಪಾದ ಅಂಗೈ ನೋಡಿದರು.

"ಇದೇನಬೇ, ಇಷ್ಟ್ಯಾಕ ಕುಂಕುಮ ಬಳದೀರಿ ನನಗ? ಬೀಗರು ಬಂದ್ರೇನು?"

ನಾನು ಅವರ ಕೊರಳಿಗೆ ಬಿದ್ದು ಗೊಳೋ ಎಂದು ಅತ್ತುಬಿಟ್ಟೆ.

ನನ್ನಿಂದ ಕೇಳಿದ್ದ ಡಾಕ್ಟರ ಇನ್ನೊಂದು ಮಾತನ್ನು ನಮ್ಮನೆಯವರೇ ನೆನಪಿಸಿದರು. ಎಚ್ಚರ ಬಂತೆಂದು ಬಿಡಬಾರದು, ಸೂಜಿಯ ಜೋರು ಇನ್ನೂ ಒಳಗಿರುತ್ತದೆ, ಮತ್ತೆ ಇಳಿಯಬಹುದು. ಚಕ್ಕಡಿಯಲ್ಲಿ ಮಲಗಿಸಿಕೊಂಡು ರಸ್ತೆಗೆ ಬಂದೆವು. ದಾರಿಯುದ್ದಕ್ಕೂ ಮೊಸರನ್ನ ತಿನಿಸಿದೆ. ಬಸ್ಸು ಸಿಕ್ಕಿತು. ನವಲಗುಂದದ ಸರಕಾರಿ ದವಾಖಾನೆಯಲ್ಲಿ ಗ್ಲೂಕೋಸ್ ಬಾಟಲಿ ಏರಿಸಿದರು. ಅಲ್ಲಿನ ಡಾಕ್ಟರು ಎಲ್ಲ ಕೇಳಿ, "ಬೆಲ್ಲ ತಿಕ್ಕಿದ್ದು ಚೊಲೋ ಆತು. ಹಂಗ ತಾಯಿ ಬಂದಾಳಂತ ಕೈ ಮುಗದು ಕೂತಿದ್ರ ಇಲ್ಲಿಗೆ ತರೂದ ಬ್ಯಾಡಾಗಿತ್ತು" ಎಂದರು.

ಹೊಲದಲ್ಲಿ ಚರಗ ಚೆಲ್ಲಿದವರು ಬೀಗರು. ಎಂಜಲಾದ ಬುಟ್ಟಿಯಿಂದ.

ಊರಿಗೆ ಬಂದ ಮೇಲೆ ಮಾತು ಎರಡು ಕಡೆ ಹರಿಯಿತು. ಭೂಮಿತಾಯಿಯ ಎಡೆ ಎಂಜಲು ಮಾಡಿದ ಸೊಸೆ, ಈ ವರ್ಷ ಇವರ ಜೋಳಕ್ಕೆ ಕಾಡಿಗೆ ರೋಗ ಬೀಳುತ್ತದೆ ನೋಡಿ ಎಂದು ಕೆಲವರು. ನೀಲವ್ವನಿಗೆ ತಾಯಿ ಬಂದದ್ದು ಖರೇ, ಸೊಸೆ ಅವಸರ ಮಾಡಿ ಕಳಿಸಿಬಿಟ್ಟಳು ಎಂದು ಉಳಿದವರು. ಮಂಗಳವಾರ ಬಂದರೆ ಒಬ್ಬರಲ್ಲ ಒಬ್ಬರು ಕಾಯಿ ಹಿಡಿದು ಪ್ರಶ್ನೆ ಕೇಳಲು ಬಾಗಿಲಿಗೆ ಬರುತ್ತಿದ್ದರು. ಅತ್ತೆ ನನ್ನ ಕಡೆ ಕೈ ತೋರಿಸಿ, "ನನ್ನೇನ ಕೇಳತೀರಿ, ಆಕಿನ್ನ ಕೇಳ್ರಿ. ಆಕಿ ಸೂಜಿ ಹಾಕಿದ್ರ ತಾಯಿ ಬರತಾಳ, ಬೆಲ್ಲ ಕೊಟ್ರ ಹೋಗತಾಳ" ಅನ್ನುತ್ತಿದ್ದರು. ಮಾತು ಕಡಿಮೆ ಎಂದೆನಲ್ಲ, ಆ ಬೇನೆ ಅವರಿಗೆ ಮಾತನ್ನೂ ಕಲಿಸಿತು. ಮಾವ ಉಣ್ಣುವಾಗ ಮೀಸೆಯಡಿ ನಗುತ್ತ, "ಇನ್ನೊಮ್ಮಿ ಹೆಸರ ಹಿಡದ ಕರಿ ನೋಡೂಣು" ಎಂದು ಕಾಡುತ್ತಿದ್ದರು. "ಥೂ, ಮಮ್ಮಕ್ಕಳ ಮುಂದ, ನಾಚಿಕಿ ಇಲ್ಲ ನಿಮಗ" ಎಂದು ಅತ್ತೆ ಒಳಗೆ ಓಡುತ್ತಿದ್ದರು. ಆ ವರ್ಷ ಜೋಳ ಎಂದಿನಂತೆ ಬಂತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ದೊಡ್ಡಕ್ಕ ಮಾತ್ರ ನನ್ನ ಜೊತೆ ಆ ದಿನದ ಸುದ್ದಿ ಎತ್ತಲಿಲ್ಲ. ಬೈಯಲಿಲ್ಲ, ಹೊಗಳಲಿಲ್ಲ. ಸೂಜಿ ಕುದಿಸುವಾಗ ದೂರ ಕೂತು ನೋಡುತ್ತಿದ್ದರು, ಅಷ್ಟೇ.

ಮರುವರ್ಷ ಎಳ್ಳಮಾಸಿ ಹತ್ತಿರ ಬಂದಂತೆ ನನಗೆ ಅದೇ ಚಿಂತೆ ಹತ್ತಿತು. ಅತ್ತೆಯ ಮಾತು ಬದಲಾಗಿರಲಿಲ್ಲ. "ಸೂಜಿ ಒಂದಿನ ಬಿಡೂಣು ಬಿಡಬೇ. ಹೊಲಕ್ಕ ಉಣಿಸದ ನಾ ಉಣ್ಣಾಂಗಿಲ್ಲ. ಹೋದ ವರ್ಷ ನನ್ನ ಸಂಬಂಧ ಎಡಿ ಎಂಜಲಾತು. ಅದ ಒಂದು ಪಾಪ ಸಾಲದೇನು?" ಸೂಜಿ ಬಿಟ್ಟರೆ ಒಂದು ಕಷ್ಟ, ಹಾಕಿ ತಿನ್ನದಿದ್ದರೆ ಇನ್ನೊಂದು. ಹಬ್ಬದ ಮುಂಜಾನೆ ನಾನು ಸಿರಿಂಜು ಹಿಡಿದು ನಿಂತಿದ್ದೇನೆ, ಅವರು ತೋಳು ಕೊಡುತ್ತಿಲ್ಲ. ಹೊರಗೆ ಚಕ್ಕಡಿ ಹೂಡಿ ಮಾವ ಕೂಗುತ್ತಿದ್ದಾರೆ. ನನಗೆ ಅಳು ಬಂತು.

"ಹಾಕಬೇ ಸೂಜಿ" ಎಂದರು ಯಾರೋ. ದೊಡ್ಡಕ್ಕ.

ನಾದಿನಿಯ ಕೈಯಲ್ಲಿದ್ದ ಬುಟ್ಟಿ ಇಸಿದುಕೊಂಡು ಅವರು ಅತ್ತೆಯ ಎದುರು ಕೂತರು. ತಾವೇ ಬಿಳಿ ಅರಿವೆ ಸರಿಸಿದರು. ಎಡೆಗೆ ಇಟ್ಟ ಕಡಬುಗಳಲ್ಲಿ ಒಂದನ್ನು ತೆಗೆದು ಮುರಿದರು. ಆ ಕೈ ಅಂಥ ಕೆಲಸ ಎಂದೂ ಮಾಡಿರಲಿಲ್ಲ.

"ನೀಲಾ, ಬಾಯಿ ತಗಿ."

"ಅಕ್ಕಾ, ಇನ್ನ ಚರಗ ಆಗಿಲ್ಲ..."

"ಆಕಿ ಹಸಿವು ತಡಕೋತಾಳ, ಆಕಿಗೆ ರೂಢಿ ಐತಿ. ನಿನಗ ಆಗಾಂಗಿಲ್ಲ. ಹೋದ ವರ್ಷ ನಾ ಬುಟ್ಟಿಗೆ ಅಡ್ಡ ನಿಂತೆ, ನೀ ನನ್ನ ಕಣ್ಣ ಮುಂದ ಕೊರಡಾಗಿ ಬಿದ್ದಿ. ಇಡೀ ವರ್ಷ ನಿದ್ದಿ ಬಂದಿಲ್ಲ ನನಗ. ತಾಯಿ ಸಿಟ್ಟಾದ್ರ ನನ್ನ ಕೈ ಮುರೀಲಿ. ತಗಿಯೇ ಬಾಯಿ!"

ಅತ್ತೆ ತೋಳು ನನ್ನ ಕಡೆ ಚಾಚಿದರು. ಚುಚ್ಚಿದೆ. ಬಾಯಿ ತೆರೆದರು. ದೊಡ್ಡಕ್ಕ ತುತ್ತು ಇಟ್ಟರು. ಇಬ್ಬರೂ ಅಳುತ್ತಿದ್ದರು. ಸಕ್ಕರೆ ಬೇನೆಯವರಿಗೆ ಕಡಬೇ ಆಗಬೇಕಿತ್ತೇ, ರೊಟ್ಟಿ ಸಾಲದಿತ್ತೇ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಬಾಯಿ ಜಾಸ್ತಿ ಇದ್ದವಳು ಆ ಒಂದು ಸಲ ಸುಮ್ಮನಿದ್ದೆ. ಒಂದು ರೊಟ್ಟಿ ಆಮೇಲೆ ನಾನೇ ತಿನಿಸಿದೆ, ತಾಟು ಖಾಲಿಯಾಗುವವರೆಗೆ ಎದುರೇ ಕೂತು.

ಅಲ್ಲಿಂದ ಮುಂದೆ ಪ್ರತಿ ಎಳ್ಳಮಾಸಿಗೂ ಚಕ್ಕಡಿ ಹೊರಡುವ ಮುಂಚೆ ಅತ್ತೆಗೆ ಒಂದು ತುತ್ತು. ದೊಡ್ಡಕ್ಕ ಇರುವತನಕ ಅವರ ಕೈಯಿಂದ, ಆಮೇಲೆ ನನ್ನ ಕೈಯಿಂದ. ಸೂಜಿಯ ಜೊತೆ ಅತ್ತೆ ಬಹಳ ವರ್ಷ ಬಾಳಿದರು. ಮೊಮ್ಮಕ್ಕಳ ಲಗ್ನಕ್ಕೆ ತಾವೇ ಹೂರಣ ಕಲಿಸಿದರು, ನಾಲಗೆಗೆ ಹಚ್ಚದೆ, ಬರೀ ವಾಸನೆಯಿಂದ ಬೆಲ್ಲದ ಅಳತೆ ಹೇಳುತ್ತ.

ಈಗ ಮನೆಯಲ್ಲಿ ಹಿರಿಯಳು ನಾನೇ. ಹೋದ ಎಳ್ಳಮಾಸಿಗೆ ಹೊಸದಾಗಿ ಬಂದ ಮೊಮ್ಮಗನ ಹೆಂಡತಿ, ನನ್ನ ಸೊಸೆ ಬುಟ್ಟಿಯ ಅರಿವೆ ಸರಿಸುವುದನ್ನು ಕಂಡು ಗಾಬರಿಯಾದಳು. ಅವಳ ತವರಿನಲ್ಲಿ ಭೂಮಿತಾಯಿಗಿಂತ ಮೊದಲು ಯಾರೂ ಮುಟ್ಟುವುದಿಲ್ಲವಂತೆ. "ನಮ್ಮಲ್ಲೆ ಮೊದಲ ಮನಿ ಹಿರೇರಿಗೆ ತಿನಸ್ತಾರ, ಆಮ್ಯಾಲೆ ಹೊಲಕ್ಕ. ಹಿಂದಿನಿಂದ ಬಂದ ಪದ್ಧತಿ ನೋಡವಾ" ಎಂದು ನನ್ನ ಸೊಸೆ ಅವಳಿಗೆ ತಿಳಿಸಿ ಹೇಳುತ್ತಿದ್ದಳು. ಯಾವ ಹಿಂದಿನಿಂದ ಎಂದು ನನ್ನ ಸೊಸೆಗೂ ಸರಿಯಾಗಿ ಗೊತ್ತಿಲ್ಲ. ಹುಡುಗಿ ಕಡಬು ಮುರಿದು ಅಂಜುತ್ತ ನನ್ನ ಬಾಯಿಯ ಹತ್ತಿರ ತಂದಳು.

ನನಗೆ ಸಕ್ಕರೆ ಬೇನೆ ಇಲ್ಲ. ಬಾಯಿ ತೆರೆದೆ.